ಹಾಡು, ಅಂಕಿತ, ಅನುಕ್ರಮ

ಹಾಡೆಂಬುದಕ್ಕೆ ಮೂರು ಅಂಗಗಳಿರುವುವು. ಕಿವಿಗೆ ಕೇಳುವ ನಾದವು ಮೊದಲನೆಯದು. ಅದು ಯಾರದು, ಯಾವುದು ಎಂದು ತಿಳಿಸುವ ಹೆಸರು ಎರಡನೆಯದು. ಯಾವುದರ ತರುವಾಯ ಯಾವುದನ್ನು ಹಾಡತಕ್ಕದ್ದೆಂಬ ಅನುಕ್ರಮವು ಮೂರನೆಯದು. ಕೇಳುವವನಿಗೆ ಈ ಮೂರೂ ಒಂದೇ ಗಂಟಿನಲ್ಲಿರುವಂತೆ ತೋರುತ್ತದೆ. ಆದರೆ ಹಾಡನ್ನು ಕಾಪಾಡಲು ಮನುಷ್ಯನು ಮಾಡಿಕೊಂಡ ಸಾಧನಗಳನ್ನು ಬಿಚ್ಚಿ ನೋಡಿದರೆ, ಮೂರೂ ಬೇರೆ ಬೇರೆ ಎಡೆಗಳಲ್ಲಿ ನೆಲಸಿರುವುದೂ, ಬೇರೆ ಬೇರೆಯಾಗಿಯೇ ಕೆಡುವುದೂ ಕಂಡುಬರುವುದು. ಜೇಬಿನಲ್ಲಿಟ್ಟುಕೊಂಡು ತಿರುಗುವ ಹಾಡುಪೆಟ್ಟಿಗೆಗಳು ಬಂದು ಹಳೆಯವಾಗಿ, ಅವುಗಳನ್ನು ಮಾಡುವವರೇ ಮಾಡುವುದನ್ನು ನಿಲ್ಲಿಸಿದ ಈ ಕಾಲದಲ್ಲಿ, ಕೆಟ್ಟು ಮೂಲೆಗೆ ಬಿದ್ದ ಪೆಟ್ಟಿಗೆಯಿಂದ ಹಾಡುಗಳನ್ನೂ ಅವುಗಳ ಪಟ್ಟಿಗಳನ್ನೂ ಮರಳಿ ಪಡೆಯುವ ಕಾರ್ಯವು ಅನೇಕ ಮನೆಗಳಿಗೆ ಒದಗಿಬಂದಿರುವುದು. ಇದು ಬರಿಯ ಯಂತ್ರ ರಿಪೇರಿಯ ಮಾತೆಂದು ಜನರು ಭಾವಿಸಿರುವರು. ವಸ್ತುತಃ ಇದಕ್ಕೆ ಬಹು ದೀರ್ಘವಾದ ಪೂರ್ವವೃತ್ತಾಂತವುಂಟು. ಅದರ ಒಂದು ಮುಖ್ಯ ಭಾಗವು ಕಲ್ಯಾಣದ ಸೀಮೆಯಲ್ಲಿಯೇ ನಡೆದುದಾಗಿದೆ.

ಬಸವಕಲ್ಯಾಣ ಹುಮನಾಬಾದಗಳ ಸೀಮೆಯ ಕೊಡಂಬಲದಂತಹ ಊರುಗಳಲ್ಲಿ ಹಾಡೆಂದರೆ ಕಛೇರಿಯ ಸಂಗೀತವಲ್ಲ. ಗುಡಿಯ ಭಜನೆ, ಏಕತಾರಿಯ ಮೇಲೆ ಹೇಳುವ ತತ್ತ್ವಪದ, ಮೊಹರಮ್ಮಿನ ರಿವಾಯತ ಪದ, ಹೆಣ್ಣುಮಕ್ಕಳ ಬೀಸುವ ಕುಟ್ಟುವ ಹಾಡು, ಇವೇ ಇಲ್ಲಿಯ ಸಂಪತ್ತು. ಕನ್ನಡ, ಮರಾಠಿ, ಉರ್ದು, ತೆಲುಗುಗಳು ಒಂದೇ ಅಂಗಳದಲ್ಲಿ ಕೇಳಿಬರುವ ನೆಲವಿದು. ೧೯೪೮ರ ಸೆಪ್ಟೆಂಬರದವರೆಗೆ ಇದು ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದು, ೧೯೫೬ರ ನವಂಬರ ೧ರಂದು ಮೈಸೂರು ರಾಜ್ಯವನ್ನು ಸೇರಿತು. ಉರ್ದುವೇ ರಾಜಭಾಷೆಯಾಗಿದ್ದ ಆ ಮೊದಲಿನ ದಿನಗಳಲ್ಲಿ ಕನ್ನಡದ ಪದಗಳು ಪುಸ್ತಕಕ್ಕಿಂತಲೂ ಹೆಚ್ಚಾಗಿ ಬಾಯಲ್ಲಿಯೇ ಬಾಳಿದುವು. ಕಡಕೋಳದ ಮಡಿವಾಳಪ್ಪನವರ ಮತ್ತು ಅವರ ಶಿಷ್ಯರಾದ ಚನ್ನೂರ ಜಲಾಲಸಾಹೇಬರ ಪದಗಳು ಊರಿಂದೂರಿಗೆ ನಡೆದುದು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ; ಅಚ್ಚಿನ ಮೊಳೆಗಳ ಸಹಾಯವು ಅವಕ್ಕೆ ದೊರೆತುದು ಬಹು ತಡವಾಗಿ.

ಆ ಪದಗಳು ಅಚ್ಚಾದ ಮೇಲೂ ಒಂದು ಕೊರತೆಯು ಉಳಿದೇ ಉಳಿಯಿತು. ಪುಸ್ತಕದಲ್ಲಿ ಸಾಹಿತ್ಯವುಂಟು, ಧಾಟಿಯಿಲ್ಲ. ಪದದ ತಲೆಯ ಮೇಲೆ ‘ಇಂಥ ಪದದ ಧಾಟಿ’ ಎಂದು ಒಂದು ಸೂಚನೆಯನ್ನು ಅಚ್ಚುಹಾಕುವ ವಾಡಿಕೆಯು ಭಜನೆಯ ಪುಸ್ತಕಗಳಲ್ಲಿ ಬಹಳವಾಗಿತ್ತು. ಹೇಳಿದ ಆ ಮತ್ತೊಂದು ಪದವನ್ನು ಬಲ್ಲವರು ಇರುವ ತನಕ ಆ ಸೂಚನೆಯು ಜೀವಂತವಾಗಿರುವುದು. ಅವರು ತೀರಿಕೊಂಡ ಮರುದಿನ ಅದು ಇಲ್ಲದ ಮನೆಗೆ ದಾರಿ ತೋರಿಸುವ ಕೈಮರವಾಗುವುದು. ಮುಂದೆ ಐಪಾಡಿನ ಪಟ್ಟಿಗಳ ವಿಷಯ ಬಂದಾಗ ವಾಚಕರು ಈ ಕೈಮರವನ್ನು ನೆನಪಿಗೆ ತಂದುಕೊಳ್ಳಬೇಕು.

ಕಲ್ಯಾಣದ ಅರಸನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದುದು ಸುವಿದಿತವೇ ಆಗಿದೆ. ಅದರಲ್ಲಿ ಗೀತಕ್ಕೂ ವಾದ್ಯಕ್ಕೂ ಬೇರೆ ಬೇರೆ ಪ್ರಕರಣಗಳಿವೆ. ಮಹಾರಾಷ್ಟ್ರದ ಸ್ತ್ರೀಯರು ಧಾನ್ಯ ಕುಟ್ಟುವಾಗ ಓವಿಯನ್ನು ಹಾಡುವರೆಂಬ ಚಿಕ್ಕ ಸಂಗತಿಯನ್ನು ಕೂಡ ಆ ಚಕ್ರವರ್ತಿಯು ಬಿಟ್ಟಿಲ್ಲ. ಅವನ ಮಗನಾದ ಜಗದೇಕಮಲ್ಲನು ಸಂಗೀತಚೂಡಾಮಣಿಯನ್ನು ಬರೆದನು. ತಂದೆಮಕ್ಕಳಿಬ್ಬರೂ ರಾಗಗಳ ಹೆಸರುಗಳನ್ನೂ ಪ್ರಬಂಧಗಳ ಲಕ್ಷಣಗಳನ್ನೂ ಮುಂದಿನವರಿಗೆ ಇಟ್ಟುಹೋದರು. ಹೆಸರುಗಳು ಎಂಟುನೂರು ವರ್ಷ ಬಾಳಿದುವು. ಆ ಆಸ್ಥಾನದಲ್ಲಿ ಕೇಳಿಬಂದ ನಾದದ ಒಂದು ತುಣುಕಾದರೂ ಉಳಿದಿಲ್ಲ.

ನಾದವನ್ನೂ ಅನುಕ್ರಮವನ್ನೂ ಬೇರೆ ಬೇರೆಯಾಗಿ ಕಾಯುವ ವ್ಯವಸ್ಥೆಯು ಇದಕ್ಕಿಂತಲೂ ಪ್ರಾಚೀನವಾದುದು. ಸಾಮವೇದಿಗಳಲ್ಲಿ ಋಕ್ಕುಗಳ ಪಾಠಕ್ಕೆ ಆರ್ಚಿಕವೆಂದೂ, ಸ್ವರ ಹಚ್ಚಿದ ಹಾಡುಗಳಿಗೆ ಗಾನವೆಂದೂ ಹೆಸರು. ಪೂರ್ವಾರ್ಚಿಕದಲ್ಲಿ ಋಕ್ಕುಗಳು ಮುಖ್ಯವಾಗಿ ದೇವತೆ ಛಂದಸ್ಸುಗಳನ್ನು ಅನುಸರಿಸಿ ನಿಂತಿವೆ. ಅದು ಉಗ್ರಾಣದ ಕ್ರಮ. ಉತ್ತರಾರ್ಚಿಕವೂ ಊಹಗಾನವೂ ಯಜ್ಞದಲ್ಲಿ ಪ್ರಯೋಗವಾಗುವ ಕ್ರಮವನ್ನು ಹಿಡಿದಿವೆ. ಅದು ಬಳಕೆಯ ಕ್ರಮ. ಋಗ್ವೇದಕ್ಕಾದರೋ ಕಾತ್ಯಾಯನನ ಸರ್ವಾನುಕ್ರಮಣಿಯುಂಟು: ಸೂಕ್ತದ ಮೊದಲ ಪದ, ಮಂತ್ರಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸು, ಇಷ್ಟೇ ಅದರ ವಿಷಯ. ಅದರಲ್ಲಿ ವೇದವಿಲ್ಲ, ವೇದದ ಪಟ್ಟಿಯಿದೆ. ಪಟ್ಟಿಯನ್ನು ಬಾಯಿಪಾಠ ಮಾಡುವ ವಟುವಿಗೆ ಅದು ನೀರಸವಾಗಿ ತೋರುವುದು ಸಹಜವೇ. ಆದರೆ ಒಂದು ಸೂಕ್ತವೂ ಜಾರಿಹೋಗಲಿಲ್ಲವೆಂದು ಸಾಕ್ಷಿ ಹೇಳುವುದು ಆ ನೀರಸವಾದ ಪಟ್ಟಿಯೇ.

ಪಟ್ಟಿಯಿಲ್ಲದೆ ಚೆದುರಿದ ವಾಙ್ಮಯಕ್ಕೆ ಏನಾಗುವುದೆಂಬುದನ್ನು ಕಲ್ಯಾಣವೇ ಕಂಡಿತು. ೧೧೬೭–೬೮ರ ಹೊತ್ತಿಗೆ ಬಿಜ್ಜಳನ ರಾಜಧಾನಿಯಲ್ಲಿ ಉಂಟಾದ ಕ್ಷೋಭೆಯಿಂದ ಶರಣರು ದಿಕ್ಕುದಿಕ್ಕಿಗೆ ಹೋದರೆಂದೂ, ಅವರೊಂದಿಗೆ ವಚನಗಳೂ ಚೆದುರಿದುವೆಂದೂ ಪರಂಪರೆಯು ಹೇಳುತ್ತದೆ. ವಚನಗಳು ಬಿಡಿಬಿಡಿಯಾದ ಮಾತುಗಳು. ಒಂದರ ಮುಂದೆ ಮತ್ತೊಂದು ಬರಲೇಬೇಕೆಂಬ ಬಂಧವು ಅವುಗಳ ಮೈಯಲ್ಲಿಲ್ಲ. ಆದರೂ ಅವು ಅನಾಥವಾಗಲಿಲ್ಲ. ಬಹುಮಟ್ಟಿಗೆ ಕಡೆಯಲ್ಲಿ ಬರುವ ಅಂಕಿತವು ಒಂದೊಂದನ್ನೂ ಅದರದರ ಒಡೆಯನಿಗೆ ಒಪ್ಪಿಸಿಕೊಟ್ಟಿತು. ಕೂಡಲಸಂಗಮದೇವನೆಂದರೆ ಬಸವಣ್ಣನವರು, ಗುಹೇಶ್ವರನೆಂದರೆ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿ. ಓಲೆಯು ಎಲ್ಲಿಯೇ ಬಿದ್ದಿರಲಿ, ಕಟ್ಟಿನ ದಾರವು ಎಂದೇ ಹರಿದಿರಲಿ, ಹೆಸರು ವಚನದ ಒಳಗೇ ಹೊಲಿದಿದ್ದುದರಿಂದ ಅದನ್ನು ಬೇರ್ಪಡಿಸಲು ಕಾಲಕ್ಕೆ ಸಾಧ್ಯವಾಗಲಿಲ್ಲ.

ಅನುಕ್ರಮದ ಕಥೆಯು ಬೇರೆ. ಹದಿನೈದು ಹದಿನಾರನೆಯ ಶತಮಾನಗಳಲ್ಲಿ ವಿಜಯನಗರದ ಆಳಿಕೆಯ ಕಾಲದ ಸಂಕಲನಕಾರರು ವಚನಗಳನ್ನು ಮತ್ತೆ ಕೂಡಿಹಾಕಿದರು. ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ನಾಲ್ವರು ಕಟ್ಟಿದ ನಾಲ್ಕು ಶೂನ್ಯಸಂಪಾದನೆಗಳು ದೊರೆತಿವೆ. ವಚನಗಳು ಬಹುಪಾಲು ಅವೇ. ಅವುಗಳನ್ನು ಸಂವಾದದ ರೂಪದಲ್ಲಿ ನಿಲ್ಲಿಸಿದ ಕ್ರಮವು ಒಬ್ಬೊಬ್ಬರದು ಒಂದೊಂದು ಬಗೆ. ಒಂದೇ ವಚನವು ಒಂದೆಡೆ ಪ್ರಶ್ನೆಗೆ ಉತ್ತರವಾಗಿ ಕಂಡರೆ ಮತ್ತೊಂದೆಡೆ ಬೇರೊಬ್ಬರ ಮಾತಿನ ನೆರೆಯಲ್ಲಿ ನಿಂತು ಬೇರೊಂದು ಅರ್ಥದ ಛಾಯೆಯನ್ನು ಪಡೆಯುವುದು. ಅನುಕ್ರಮವೆಂಬುದು ಸ್ವತಃ ಒಂದು ರಚನೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಕನ್ನಡದಲ್ಲಿ ದೊರೆಯಲಾರದು. ಪಟ್ಟಿ ಹೋದರೆ ಹೋಗಲಿ, ಹಾಡು ಉಳಿದರೆ ಸಾಕೆನ್ನುವವರು ಈ ನಾಲ್ವರ ಶ್ರಮವನ್ನು ಒಮ್ಮೆ ನೋಡತಕ್ಕದ್ದು.

ಫ. ಗು. ಹಳಕಟ್ಟಿಯವರು (೧೮೮೦–೧೯೬೪) ಮಠಗಳಿಂದಲೂ ಮನೆಗಳಿಂದಲೂ ಓಲೆಗರಿಯ ಕಟ್ಟುಗಳನ್ನು ಕಲೆಹಾಕಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದುದೂ, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದುದೂ ಸರ್ವರಿಗೂ ತಿಳಿದ ವಿಷಯವು. ಓಲೆಗರಿಯ ಎಡದ ಅಂಚಿನಲ್ಲಿ ಗರಿಯ ಸಂಖ್ಯೆಯನ್ನು ಕೊರೆದಿಡುವ ಪದ್ಧತಿಯುಂಟು. ದಾರ ಹರಿದು ಗರಿಗಳು ಚೆಲ್ಲಾಡಿದರೆ ಆ ಸಂಖ್ಯೆಯಿಂದಲೇ ಕಟ್ಟನ್ನು ಮರಳಿ ಜೋಡಿಸುವುದು. ಅಂಚು ಹುಳು ತಿಂದಿದ್ದರೆ ಜೋಡಿಸುವವನ ಪಾಂಡಿತ್ಯವೇ ಗತಿ. ಆದರೆ ಶರಣರ ಸ್ವರವಚನಗಳ ವಿಷಯದಲ್ಲಿ ಯಾವ ಪಾಂಡಿತ್ಯವೂ ಪೂರ್ತಿಯಾಗಿ ನೆರವಾಗದು. ಅವುಗಳ ನೆತ್ತಿಯಲ್ಲಿ ರಾಗದ ಹೆಸರನ್ನೂ ತಾಳದ ಹೆಸರನ್ನೂ ಬರೆದಿರುವುದುಂಟು. ಸಾಹಿತ್ಯವಿದೆ, ಅಂಕಿತವಿದೆ, ರಾಗದ ಹೆಸರಿದೆ. ಹಾಡಿದ ಬಗೆ ಮಾತ್ರ ಇಲ್ಲ.

ನಾದವನ್ನೇ ಹಿಡಿದಿಡುವ ಯಂತ್ರವು ಹುಟ್ಟಿದುದು ೧೮೭೭ರಲ್ಲಿ, ಅಮೆರಿಕದ ಎಡಿಸನ್ನನ ಕೈಯಲ್ಲಿ. ಬರ್ಲಿನರನ ತಟ್ಟೆಯ ಗ್ರಾಮೋಫೋನು ಹತ್ತು ವರ್ಷಗಳ ಬಳಿಕ ಬಂದಿತು. ಗ್ರಾಮೋಫೋನ್ ಕಂಪನಿಯ ಗೈಸ್‌ಬರ್ಗನು ೧೯೦೨ರ ನವಂಬರದಲ್ಲಿ ಕಲಕತ್ತೆಗೆ ಬಂದು ಗೌಹರ್ ಜಾನಳ ಗಾಯನವನ್ನು ಮುದ್ರಿಸಿದನು. ಆ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಈ ದೇಶದ ಭಾಷೆಯೂ ತಿಳಿಯದು, ಹಾಡುವವರ ಗುರುತೂ ಇಲ್ಲ. ಯಾವ ತಟ್ಟೆಗೆ ಯಾವ ಚೀಟಿ ಹಚ್ಚಬೇಕೆಂಬುದೇ ತೊಡಕು. ಅದಕ್ಕಾಗಿ ಆಕೆಯು ಪ್ರತಿಯೊಂದು ಹಾಡಿನ ಕೊನೆಗೂ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ಕೇಳಿದವರು ಅದನ್ನು ಠೀವಿಯೆಂದು ಬಗೆದರು. ನಿಜವಾಗಿ ಅದು ಅಂಕಿತವು, ವಚನದ ಕೊನೆಯಲ್ಲಿ ಶರಣರು ಇಟ್ಟ ಅಂಕಿತದ ಕೆಲಸವನ್ನೇ ಮಾಡಿದುದು. ಚೀಟಿ ಕಿತ್ತುಹೋದ ತಟ್ಟೆಯು ಇಂದು ಗುಜರಿಯಲ್ಲಿ ದೊರೆತರೂ ಆಕೆಯ ಹಾಡು ಆಕೆಯದೆಂದು ತಾನೇ ಸಾರಿಕೊಳ್ಳುವುದು. ಗೌಹರ್ ಜಾನಳು ೧೯೨೮ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು ೧೯೩೦ರ ಜನವರಿ ೧೭ರಂದು ಮೈಸೂರಿನಲ್ಲಿಯೇ ತೀರಿಕೊಂಡಳು.

ಹಾಡನ್ನು ಹೊತ್ತು ತಿರುಗುವ ರೂಢಿಯು ಐಪಾಡಿನಿಂದ ಆರಂಭವಾದುದಲ್ಲ. ಮುಚ್ಚಳವುಳ್ಳ, ಕೈಹಿಡಿಯುಳ್ಳ, ಕೀಲಿ ಕೊಟ್ಟು ತಿರುಗಿಸುವ ಗ್ರಾಮೋಫೋನು ಮೊದಲನೆಯ ಮಹಾಯುದ್ಧದ ಕಾಲಕ್ಕಾಗಲೇ ಸಿಪಾಯಿಗಳ ಜತೆಯಲ್ಲಿ ಹೋಗುತ್ತಿತ್ತು, ಎಚ್.ಎಂ.ವಿ. ಕಂಪನಿಯ ೧೦೨ ಎಂಬ ಪ್ರಸಿದ್ಧ ಮಾದರಿಯು ೧೯೩೧ರಲ್ಲಿ ಹೊರಟಿತು. ಅದಕ್ಕೆ ವಿದ್ಯುಚ್ಛಕ್ತಿಯು ಬೇಡವಾದುದರಿಂದ ಹಳ್ಳಿಗಳಿಗೂ ಸಲ್ಲುವಂತಿತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹಾಡು. ಮಲ್ಲಿಕಾರ್ಜುನ ಮನ್ಸೂರರು (೧೯೧೦–೧೯೯೨) ೧೯೩೦ರ ದಶಕದಲ್ಲಿ ಹಾಡಿದ ತಟ್ಟೆಗಳೂ ಈ ಅಳತೆಗೇ ಒಳಗಾದುವು. ಗಂಟೆಗಟ್ಟಲೆ ಬೆಳೆಯುವ ಖ್ಯಾಲನ್ನು ಮೂರು ನಿಮಿಷಗಳಲ್ಲಿ ಮುಗಿಸುವ ಆ ಶಿಸ್ತು ಒಂದು ಬೇರೆಯ ವಿದ್ಯೆಯೇ ಸರಿ. ಈಗ ಈ ತಟ್ಟೆಗಳಿಂದ ಹಾಡನ್ನು ಮರಳಿ ಪಡೆಯುವವರು ಎರಡು ಸಂಗತಿಗಳನ್ನು ಗಮನಿಸಬೇಕಾಗುವುದು. ಮುಂದೆ ಬಂದ ದೀರ್ಘವಾದನದ ತಟ್ಟೆಗಳ ಸೂಜಿಯು ಇವುಗಳ ಅಗಲವಾದ ಗೆರೆಗೆ ಹೊಂದದು. ಅದರ ಮೂರರಷ್ಟು ದಪ್ಪನಾದ ಮೊನೆಯು ಬೇಕು. ಎರಡನೆಯದಾಗಿ, ಹಳೆಯ ತಟ್ಟೆಗಳೆಲ್ಲವೂ ನಿಮಿಷಕ್ಕೆ ೭೮ ಸುತ್ತಿನಲ್ಲಿ ಮುದ್ರಿತವಾದವುಗಳಲ್ಲ. ೭೪ರಲ್ಲಿ ಮುದ್ರಿಸಿದುದನ್ನು ೭೮ರಲ್ಲಿ ತಿರುಗಿಸಿದರೆ ಶ್ರುತಿಯು ಹೆಚ್ಚುಕಡಿಮೆ ಒಂದು ಸ್ವರಸ್ಥಾನದಷ್ಟು ಮೇಲೇರುವುದು. ಗಂಡಸಿನ ಕಂಠವು ಎಳೆಯದಾಗುವುದು, ವಿಲಂಬಿತವು ಓಡತೊಡಗುವುದು.

ಹಾಲೆಂಡಿನ ಫಿಲಿಪ್ಸ್ ಕಂಪನಿಯು ೧೯೬೩ರಲ್ಲಿ ಕ್ಯಾಸೆಟ್ಟನ್ನು ಹೊರತಂದುದು ಹಳ್ಳಿಯ ಹಾಡಿನ ಇತಿಹಾಸದಲ್ಲಿ ದೊಡ್ಡ ತಿರುವು. ಅಲ್ಲಿಯವರೆಗೆ ಮುದ್ರಿಸುವ ಅಧಿಕಾರವು ಕಂಪನಿಯವರದಾಗಿತ್ತು. ಕ್ಯಾಸೆಟ್ಟಿನೊಡನೆ ಅದು ಮನೆಯವರ ಕೈಗೆ ಬಂದಿತು. ಸೋನಿ ಕಂಪನಿಯ ವಾಕ್‌ಮನ್ ೧೯೭೯ರಲ್ಲಿ ಅದನ್ನು ನಡೆಯುವವನ ಸೊಂಟಕ್ಕೆ ಕಟ್ಟಿತು. ಕಂಪನಿಗೆ ಬೇಡವಾದ ಭಜನೆಯ ಪದ, ರಿವಾಯತ ಪದ, ಮದುವೆಯ ಮನೆಯ ಅಜ್ಜಿಯ ಹಾಡು, ಇವೆಲ್ಲವೂ ಮೊದಲ ಬಾರಿಗೆ ನಾದರೂಪದಲ್ಲಿ ನಿಂತುದು ಈ ಅಂಗೈಯಗಲದ ಪೆಟ್ಟಿಗೆಗಳಲ್ಲಿ. ಅರವತ್ತು ನಿಮಿಷದ ಕ್ಯಾಸೆಟ್ಟಿನೊಳಗೆ ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಸುಮಾರು ೮೬ ಮೀಟರು ಪಟ್ಟಿಯು ಸುತ್ತಿರುವುದು. ಅದರ ಮೇಲಿನ ಹಾಡಿನ ಹೆಸರುಗಳು ಇರುವುದು ಮಾತ್ರ ಮುಚ್ಚಳದ ಕಾಗದದಲ್ಲಿ. ಕಾಗದ ಕಳೆದರೆ ಹೆಸರೂ ಕಳೆಯಿತು. ಆದರೆ ಅನುಕ್ರಮವು ಇಲ್ಲಿ ಬಹು ಗಟ್ಟಿಯಾಗಿತ್ತು. ಪಟ್ಟಿಯು ಒಂದೇ ಎಳೆಯಾದುದರಿಂದ ಮೊದಲು ಹಾಡಿದುದು ಮೊದಲೇ ಉಳಿಯಿತು, ಮಂಗಳವು ಕೊನೆಗೇ ನಿಂತಿತು. ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿರುವ ಎರಡು ಚಿಕ್ಕ ಹಲ್ಲುಗಳನ್ನು ಮುರಿದುಬಿಟ್ಟರೆ ಅದರ ಮೇಲೆ ತಪ್ಪಿಯೂ ಬೇರೆ ಹಾಡು ಮುದ್ರಿತವಾಗದು. ಹಳೆಯ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕುವ ಮೊದಲು ಈ ಒಂದು ಕೆಲಸವನ್ನು ಮಾಡಿಕೊಳ್ಳುವುದು ಒಳ್ಳೆಯದು.

ಭಜನೆಯಲ್ಲಿ ಅನುಕ್ರಮವು ಅಲಂಕಾರಕ್ಕಾಗಿ ಇರುವುದಲ್ಲ. ಗಣಪತಿಯ ಸ್ತುತಿಯಿಂದ ಆರಂಭಿಸಿ ಗುರುಸ್ತುತಿಯನ್ನು ಹೇಳಿ ಮಂಗಳಾರತಿಗೆ ಮುಟ್ಟುವ ಕ್ರಮವು ತಪ್ಪಿದರೆ ಹಾಡುವವರ ಮನಸ್ಸೇ ಒಪ್ಪದು. ಹುಮನಾಬಾದಿಗೆ ಹೊಂದಿದ ಮಾಣಿಕನಗರದಲ್ಲಿ ವಾರದ ಒಂದೊಂದು ದಿನಕ್ಕೆ ಒಂದೊಂದು ಭಜನಕ್ರಮವು ನಿಯತವಾಗಿರುವುದು. ಮಾಣಿಕಪ್ರಭುಗಳು (೧೮೧೭–೧೮೬೫) ಸಕಲಮತ ಸಂಪ್ರದಾಯವನ್ನು ಸ್ಥಾಪಿಸಿದ ಆ ಕ್ಷೇತ್ರದಲ್ಲಿ ಅವರು ಮರಾಠಿ, ಕನ್ನಡ, ಹಿಂದಿ ಮೊದಲಾದ ಭಾಷೆಗಳಲ್ಲಿ ರಚಿಸಿದ ಪದಗಳು ಇಂದಿಗೂ ಹಾಡಲ್ಪಡುವುವು. ಅವುಗಳಲ್ಲಿ ಮಾಣಿಕನೆಂಬ ಮುದ್ರೆಯಿರುವುದು. ಕ್ರಮವನ್ನು ಕಾಗದಕ್ಕೆ ಮಾತ್ರ ಒಪ್ಪಿಸದೆ ವಾರದ ಏಳು ದಿನಗಳಿಗೇ ಕಟ್ಟಿಹಾಕಿದ ಯೋಜನೆಯು ಬಹು ಜಾಣತನದ್ದು. ಸೋಮವಾರವು ಬರುವ ತನಕ ಸೋಮವಾರದ ಭಜನೆಯು ಮರೆಯಲಾರದು.

ಇನ್ನು ಜೇಬಿನ ಪೆಟ್ಟಿಗೆಯ ವಿಷಯ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಮುಖ್ಯವಾಗಿ ಸಿದ್ಧಪಡಿಸಿದ ಎಂಪಿ೩ ಎಂಬ ವಿಧಾನವು, ಕಿವಿಯು ಗಮನಿಸದ ನಾದಾಂಶಗಳನ್ನು ಕಳೆದು ಹಾಡನ್ನು ಮೂಲದ ಹತ್ತನೆಯ ಒಂದು ಪಾಲಿನಷ್ಟಕ್ಕೆ ಇಳಿಸುವುದು. ೧೯೯೮ರಲ್ಲಿ ದಕ್ಷಿಣ ಕೊರಿಯದ ಎಂಪಿಮ್ಯಾನ್ ಎಂಬ ಪೆಟ್ಟಿಗೆಯು ಹೊರಟಿತು. ೨೦೦೧ರ ಅಕ್ಟೋಬರ ೨೩ರಂದು ಆಪಲ್ ಕಂಪನಿಯು ಐಪಾಡನ್ನು ಜಾಹೀರುಪಡಿಸಿ, ಸಾವಿರ ಹಾಡುಗಳು ಜೇಬಿನಲ್ಲಿ ಹಿಡಿಯುವುವೆಂದು ಸಾರಿತು. ಇಪ್ಪತ್ತು ವರ್ಷಗಳ ತರುವಾಯ, ೨೦೨೨ರ ಮೇ ತಿಂಗಳಲ್ಲಿ, ಅದರ ತಯಾರಿಕೆಯು ಮುಗಿಯಿತೆಂದು ಅದೇ ಕಂಪನಿಯು ತಿಳಿಸಿತು. ಕ್ಯಾಸೆಟ್ಟುಗಳಿಂದ ಹಾಡನ್ನು ಇಂತಹ ಪೆಟ್ಟಿಗೆಗೆ ಇಳಿಸಿಕೊಂಡು, ಕೆಲಸವಾಯಿತೆಂದು ಕ್ಯಾಸೆಟ್ಟನ್ನು ಎಸೆದ ಮನೆಗಳಲ್ಲಿ ಈಗ ಉಳಿದಿರುವುದು ಆ ಪೆಟ್ಟಿಗೆಯೊಂದೇ.

ಎಂಪಿ೩ ಕಡತಕ್ಕೆ ಮೊದಮೊದಲು ಹೆಸರಿಡುವ ಎಡೆಯೇ ಇರಲಿಲ್ಲ. ೧೯೯೬ರಲ್ಲಿ ಎರಿಕ್ ಕೆಂಪ್ ಎಂಬವನು ಐಡಿ೩ ಎಂಬ ಗುರುತುಚೀಟಿಯನ್ನು ಕಲ್ಪಿಸಿದನು. ಕಡತದ ಕಟ್ಟಕಡೆಯ ೧೨೮ ಬೈಟುಗಳು ಅದಕ್ಕೆ ಮೀಸಲು: ಹಾಡಿಗೆ ೩೦, ಹಾಡುವವರಿಗೆ ೩೦, ಸಂಪುಟಕ್ಕೆ ೩೦, ಇಸವಿಗೆ ೪, ಟಿಪ್ಪಣಿಗೆ ೩೦, ಪ್ರಕಾರಕ್ಕೆ ೧, ಚೀಟಿಯ ಗುರುತಿಗೆ ೩. ಮರುವರ್ಷ ಟಿಪ್ಪಣಿಯ ಜಾಗದಲ್ಲಿ ಎರಡು ಬೈಟನ್ನು ಕಡಿದು ಹಾಡಿನ ಕ್ರಮಸಂಖ್ಯೆಗೆ ಕೊಟ್ಟರು. ವಚನದಲ್ಲಿಯೂ ಗೌಹರ್ ಜಾನಳ ತಟ್ಟೆಯಲ್ಲಿಯೂ ಇದ್ದಂತೆ ಇಲ್ಲಿಯೂ ಅಂಕಿತವು ಕೊನೆಯಲ್ಲಿಯೇ ಕುಳಿತಿತು. ಮುಂದಿನ ಪರಿಷ್ಕಾರದಲ್ಲಿ, ೧೯೯೮ರಿಂದ, ಅದು ಕಡತದ ಮೊದಲಿಗೆ ಬಂದು ವಿಶಾಲವಾಯಿತು. ಕನ್ನಡಕ್ಕೆ ಆ ಮೊದಲಿನ ಚೀಟಿಯು ಬಹು ಇಕ್ಕಟ್ಟಿನದಾಗಿತ್ತು. ಯೂನಿಕೋಡಿನ ಯುಟಿಎಫ್-೮ ಬರಹದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕಾಗಿ, ಮೂವತ್ತರಲ್ಲಿ ಹತ್ತೇ ಚಿಹ್ನೆಗಳು ಹಿಡಿಯುವುವು. ಗುಣಿತ, ಒತ್ತುಗಳಿಗೂ ಬೇರೆ ಬೇರೆ ಚಿಹ್ನೆಗಳಾದುದರಿಂದ ‘ಕಡಕೋಳ ಮಡಿವಾಳಪ್ಪ’ ಎಂಬುದೇ ಅದರಲ್ಲಿ ಇಡಿಯಾಗಿ ಕೂಡದು. ಹಾಗಾಗಿ ಜನರು ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮೊಟಕುಮಾಡಿ ಬರೆದರು. ಅನೇಕರು ಏನೂ ಬರೆಯದೆ ‘ಟ್ರ್ಯಾಕ್ ೧’, ‘ಟ್ರ್ಯಾಕ್ ೨’ ಎಂಬ ಯಂತ್ರದ ಹೆಸರನ್ನೇ ಉಳಿಸಿಬಿಟ್ಟರು.

ಐಪಾಡಿನ ಒಳರಚನೆಯು ಈ ಇತಿಹಾಸದ ಬೆಳಕಿನಲ್ಲಿ ಸುಲಭವಾಗಿ ತಿಳಿಯುವುದು. ಗಣಕಯಂತ್ರಕ್ಕೆ ಜೋಡಿಸಿದಾಗ ಅದು ಒಂದು ಡಿಸ್ಕಿನಂತೆ ತೆರೆಯುವುದುಂಟು. ಟಚ್ ಎಂಬ ಮಾದರಿಗೆ ಮಾತ್ರ ಈ ಮಾತು ಸಲ್ಲದು. ಅದರಲ್ಲಿ ‘ಐಪಾಡ್ ಕಂಟ್ರೋಲ್’ ಎಂಬ ಮರೆಮಾಡಿದ ಫೋಲ್ಡರು, ಅದರೊಳಗೆ ‘ಮ್ಯೂಸಿಕ್’, ಅದರೊಳಗೆ ಎಫ್೦೦, ಎಫ್೦೧ ಎಂದು ಮುಂದುವರಿಯುವ ಕೋಣೆಗಳು. ಹಾಡುಗಳು ಈ ಕೋಣೆಗಳಲ್ಲಿ ಯಾವ ಕ್ರಮವೂ ಇಲ್ಲದೆ ಹಂಚಿಹೋಗಿರುವುವು. ಅವುಗಳ ಕಡತದ ಹೆಸರುಗಳು ಬಹುಮಟ್ಟಿಗೆ ನಾಲ್ಕು ಅಕ್ಷರಗಳ ಅರ್ಥವಿಲ್ಲದ ಶಬ್ದಗಳು. ಬಾಗಿಲು ತೆರೆದವನಿಗೆ ಕಾಣುವುದು ದಾರ ಹರಿದ ಓಲೆಯ ರಾಶಿ. ದಾರವಾದರೋ ಬೇರೊಂದು ಫೋಲ್ಡರಿನಲ್ಲಿ, ‘ಐಟ್ಯೂನ್ಸ್ ಡಿಬಿ’ ಎಂಬ ಒಂದೇ ಕಡತದಲ್ಲಿ ಇರುವುದು. ಯಾವ ಹಾಡು ಯಾವ ಕೋಣೆಯಲ್ಲಿದೆ, ಯಾವ ಪಟ್ಟಿಯಲ್ಲಿ ಎಷ್ಟನೆಯದು, ಎಂಬುದೆಲ್ಲ ಅಲ್ಲಿಯೇ. ಪಟ್ಟಿಯೊಳಗೆ ಹಾಡಿಲ್ಲ, ಹಾಡಿನ ಸಂಖ್ಯೆ ಮಾತ್ರ ಉಂಟು. ‘ಇಂಥ ಪದದ ಧಾಟಿ’ಯೆಂಬ ಅದೇ ಕೈಮರ. ಆ ಒಂದು ಕಡತವು ಅಳಿದರೆ ಸಾವಿರ ಹಾಡುಗಳೂ ಒಳಗೆ ಕ್ಷೇಮವಾಗಿರುವಾಗಲೇ ಪೆಟ್ಟಿಗೆಯು ತನ್ನಲ್ಲಿ ಒಂದು ಹಾಡೂ ಇಲ್ಲವೆಂದು ತೋರಿಸುವುದು.

ಇಲ್ಲಿ ಅಪಾಯದ ಎರಡು ಎಡೆಗಳನ್ನು ಹೇಳದೆ ಬಿಡಲಾಗದು. ಐಟ್ಯೂನ್ಸ್ ಎಂಬ ಜತೆಗಾರ ತಂತ್ರಾಂಶವು ಗಣಕದಿಂದ ಐಪಾಡಿಗೆ ಹಾಡನ್ನು ಇಳಿಸುವುದಕ್ಕೆಂದು ನಿರ್ಮಿತವಾದುದು. ಅಂಗಡಿಯಲ್ಲಿ ಕೊಂಡ ಹಾಡುಗಳ ಹೊರತು ಹಿಂದಿರುಗುವ ದಾರಿಯನ್ನು ಅದು ಕೊಡಲಿಲ್ಲ. ಹೊಸ ಗಣಕಕ್ಕೆ ಹಳೆಯ ಐಪಾಡನ್ನು ಹೊಂದಿಸಹೋದರೆ, ಒಳಗಿರುವುದನ್ನು ಅಳಿಸಿ ಈ ಗಣಕದಲ್ಲಿರುವುದನ್ನು ತುಂಬಲೇ ಎಂದು ಕೇಳುವುದು. ಹೊಸ ಗಣಕದಲ್ಲಿ ಏನೂ ಇರದಿದ್ದರೆ, ಒಪ್ಪಿದವನು ಬರಿದನ್ನು ತುಂಬಿಕೊಂಡಂತಾಯಿತು. ಎರಡನೆಯದು: ಮ್ಯಾಕಿಂಟಾಷ್ ಗಣಕದಲ್ಲಿ ಸಿದ್ಧಗೊಳಿಸಿದ ಐಪಾಡನ್ನು ವಿಂಡೋಸ್ ಓದಲಾರದೆ, ಅದನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಲೇ ಎಂದು ವಿನಯದಿಂದ ವಿಚಾರಿಸುವುದು. ಈ ಎರಡು ಪ್ರಶ್ನೆಗಳಿಗೂ ‘ಬೇಡ’ ಎಂಬುದೊಂದೇ ಉತ್ತರ. ಮೊದಲು ಮಾಡತಕ್ಕದ್ದು ಪೆಟ್ಟಿಗೆಯೊಳಗಿನ ಸರ್ವಸ್ವವನ್ನೂ, ಮರೆಮಾಡಿದ ಫೋಲ್ಡರುಗಳ ಸಹಿತ, ಇದ್ದುದು ಇದ್ದಂತೆಯೇ ಬೇರೆಡೆಗೆ ನಕಲು ಮಾಡಿಡುವುದು. ಒಂದು ಓಲೆಯ ಪಾಠವನ್ನು ತಿದ್ದುವ ಮುನ್ನ ಅದರ ಯಥಾಪ್ರತಿಯನ್ನು ಬರೆದಿಟ್ಟುಕೊಳ್ಳುವ ಹಳೆಯ ಲಿಪಿಕಾರರ ನಿಯಮವು ಇಲ್ಲಿಗೂ ಹೊಂದುವುದು.

ನಕಲಾದ ಮೇಲೆ ಉದ್ಧಾರದ ಕೆಲಸ. ಐಟ್ಯೂನ್ಸ್ ಡಿಬಿಯನ್ನು ಓದಿ ಹಾಡುಗಳನ್ನು ಹೆಸರುಸಹಿತವಾಗಿಯೂ ಪಟ್ಟಿಸಹಿತವಾಗಿಯೂ ಹೊರತೆಗೆಯುವ ಸಾಧನಗಳನ್ನು ಬೇರೆಯವರು ನಿರ್ಮಿಸಿದರು. ಲಿನಕ್ಸಿನ ಮೇಲೆ ನಡೆಯುವ ಜಿಟಿಕೆಪಾಡ್ ಅವುಗಳಲ್ಲಿ ಒಂದು. ಮತ್ತೊಂದಕ್ಕೆ ‘ಸೆನುಟಿ’ ಎಂದು ಹೆಸರಿಟ್ಟರು. ಐಟ್ಯೂನ್ಸ್ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಓದಿದರೆ ಈ ಹೆಸರು ಬರುವುದು, ಮಾಡುವ ಕೆಲಸವೂ ಹಿಂದುಮುಂದೇ. ಡಿಬಿಯು ಕೆಟ್ಟಿದ್ದರೂ ಐಡಿ೩ ಚೀಟಿಗಳು ಹಾಡಿನೊಳಗೇ ಇರುವುದರಿಂದ ಹೆಸರುಗಳನ್ನು ಮರಳಿ ಹಚ್ಚಬಹುದು. ಅನುಕ್ರಮವು ಮಾತ್ರ ಹೋಯಿತೆಂದೇ ಲೆಕ್ಕ. ಡಿಸ್ಕಿನ ಕೋಷ್ಟಕವೇ ಅಳಿಸಿಹೋದ ಪಕ್ಷದಲ್ಲಿ, ೨೦೦೨ರಲ್ಲಿ ಫ್ರಾನ್ಸಿನ ಕ್ರಿಸ್ತೋಫ್ ಗ್ರೆನಿಯೇ ರಚಿಸಿದ ಫೋಟೋರೆಕ್ ಎಂಬ ಸಾಧನವು, ಹಾಡಿನ ಕಡತಕ್ಕೆ ಸಹಜವಾದ ಲಕ್ಷಣಗಳನ್ನು ಹುಡುಕಿ ಡಿಸ್ಕಿನ ಮೈಯಿಂದಲೇ ಒಂದೊಂದನ್ನಾಗಿ ಕಿತ್ತುಕೊಡುವುದು. ಪಟ್ಟಿಗಳನ್ನು ಎಂ೩ಯು ಎಂಬ ಸರಳವಾದ ಅಕ್ಷರದ ಕಡತವಾಗಿ ಬರೆದಿಡುವುದು ಲೇಸು. ಯಾವ ಯಂತ್ರದ ನೆರವೂ ಇಲ್ಲದೆ ಕಣ್ಣಿನಿಂದ ಓದಬಹುದು, ಕಾಗದದ ಮೇಲೆ ಅಚ್ಚುಮಾಡಿ ಪೆಟ್ಟಿಗೆಯ ಸಂಗಡವೇ ಇಡಬಹುದು.

ಪ್ರಕಟವಾದ ಹಾಡು ಹೆಸರು ಕಳೆದುಕೊಂಡರೆ ಇಂದು ಅಂಥ ದೊಡ್ಡ ನಷ್ಟವೇನಲ್ಲ. ನಾದದ ಬೆರಳಚ್ಚನ್ನು ತೆಗೆದು ಜಗತ್ತಿನ ದೊಡ್ಡ ಪಟ್ಟಿಗಳೊಡನೆ ಹೋಲಿಸಿ ಹೆಸರು ಹೇಳುವ ವ್ಯವಸ್ಥೆಗಳಿರುವುವು. ಆದರೆ ಗುಡಿಯ ಕಟ್ಟೆಯ ಮೇಲೆ ಮುದ್ರಿಸಿದ ತತ್ತ್ವಪದವು ಆ ಪಟ್ಟಿಗಳಲ್ಲಿ ಯಾವುದರಲ್ಲಿಯೂ ಇಲ್ಲ. ಪದಕ್ಕೆ ಕವಿಯ ಅಂಕಿತವಿದ್ದೀತು, ಹಾಡಿದವರ ಅಂಕಿತವೆಲ್ಲಿ? ಆ ಕಂಠವು ಯಾರದೆಂದು ಹೇಳಬಲ್ಲವರು ಆ ಊರಿನ ನಾಲ್ಕಾರು ವೃದ್ಧರು ಮಾತ್ರ, ಅದೂ ಕೆಲವು ವರ್ಷಗಳ ಮಟ್ಟಿಗೆ. ಆದುದರಿಂದ ಕೊಡಂಬಲದಂತಹ ಊರಿನಲ್ಲಿ ಇಂತಹ ಪೆಟ್ಟಿಗೆಯನ್ನು ಬಿಚ್ಚುವವನು ಗಣಕದ ಮುಂದೆ ಕುಳಿತ ತರುಣನಾದರೂ, ಅವನ ಮಗ್ಗುಲಲ್ಲಿ ಒಬ್ಬ ಹಿರಿಯರು ಕುಳಿತು ಕೇಳುತ್ತ, ಇದು ಇಂಥವರ ದನಿ, ಇದು ಇಂಥ ಊರಿನ ಧಾಟಿ ಎಂದು ಹೇಳುತ್ತಿರಬೇಕು. ಹೇಳಿದುದನ್ನು ಆಗಲೇ ಚೀಟಿಯಲ್ಲಿ ತುಂಬಬೇಕು. ಈಗಿನ ಚೀಟಿಯಲ್ಲಿ ಕನ್ನಡವನ್ನು ಕನ್ನಡವಾಗಿಯೇ ಬರೆಯಲು ಏನೂ ಅಡ್ಡಿಯಿಲ್ಲ.

ಮಾರಾಟದ ಹಾಡುಗಳಿಗೆ ಹಕ್ಕಿನ ಪ್ರಶ್ನೆಯು ಬೇರೆ ಇದೆ. ೧೯೫೭ರ ಕಾಯಿದೆಯ ಮೇರೆಗೆ ನಮ್ಮ ದೇಶದಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ಮರುವರ್ಷದ ಆರಂಭದಿಂದ ೬೦ ವರ್ಷ ನಡೆಯುವುದು. ಮನೆಯ ಪೆಟ್ಟಿಗೆಯನ್ನು ಉದ್ಧರಿಸುವುದು ಒಂದು, ಉದ್ಧರಿಸಿದುದನ್ನು ಊರಿಗೆಲ್ಲ ಹಂಚುವುದು ಮತ್ತೊಂದು.

೨೦೦೫ರಲ್ಲಿ ಬಂದ ‘ಷಫಲ್’ ಎಂಬ ಪುಟ್ಟ ಐಪಾಡು ಕ್ರಮವನ್ನು ಕಲಸಿಹಾಕುವುದನ್ನೇ ಗುಣವೆಂದು ಮಾರಿತು. ಮಂಗಳಾರತಿಯಿಂದ ಆರಂಭಿಸಿ ಗಣಪತಿಯ ಸ್ತುತಿಯಿಂದ ಮುಗಿಸುವ ಭಜನೆಯು ಅದಕ್ಕೆ ದೋಷವಲ್ಲ. ತರುಣರಿಗೆ ಅದು ಹಿತವಾಗಿದ್ದರೆ ಆಕ್ಷೇಪವೇನೂ ಬೇಡ. ಅವರ ಹಾಡುಗಳಿಗೆ ಆ ಕಟ್ಟುಪಾಡಿಲ್ಲ.

ತೆರೆಯುಳ್ಳ ದೊಡ್ಡ ಐಪಾಡುಗಳಲ್ಲಿ ಇದಕ್ಕೆ ವಿರುದ್ಧವಾದ ಒಂದು ಅನುಕೂಲವಿತ್ತು. ಕೇಳುತ್ತಿರುವಾಗಲೇ ನಡುವಿನ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಆ ಹಾಡು ‘ಆನ್ ದಿ ಗೋ’ ಎಂಬ ಪಟ್ಟಿಯನ್ನು ಸೇರುವುದು. ಗಣಕದ ಮುಂದೆ ಎಂದೂ ಕೂಡದ ಮುದುಕರು ಕೂಡ ಬೆರಳ ತುದಿಯಿಂದ ತಮ್ಮ ಕ್ರಮವನ್ನು ತಾವೇ ಕಟ್ಟಿಕೊಳ್ಳಬಹುದಾಗಿತ್ತು. ಈ ಪಟ್ಟಿಯು ಡಿಬಿಯಲ್ಲಿ ಅಲ್ಲ, ಅದರ ನೆರೆಯ ಒಂದು ಸಣ್ಣ ಕಡತದಲ್ಲಿ ಇರುವುದು. ಅದರ ಮಗ್ಗುಲಲ್ಲಿ ‘ಪ್ಲೇ ಕೌಂಟ್ಸ್’ ಎಂಬ ಇನ್ನೊಂದು: ಗಣಕದೊಡನೆ ಕೊನೆಯ ಬಾರಿ ಹೊಂದಿಸಿದ ತರುವಾಯ ಯಾವ ಹಾಡನ್ನು ಎಷ್ಟು ಸಲ ಕೇಳಲಾಯಿತು, ಕೊನೆಗೆ ಕೇಳಿದುದು ಯಾವಾಗ, ಎಂಬ ಲೆಕ್ಕವು ಅದರಲ್ಲಿದೆ. ಮತ್ತೆ ಐಟ್ಯೂನ್ಸಿಗೆ ಹೊಂದಿಸಿದೊಡನೆ ಅದು ಆ ಲೆಕ್ಕವನ್ನು ತನ್ನೊಳಗೆ ಎಳೆದುಕೊಂಡು ಪೆಟ್ಟಿಗೆಯಲ್ಲಿದ್ದ ಕಡತವನ್ನು ಅಳಿಸಿಹಾಕುವುದು. ಆದುದರಿಂದ ಮೊದಲ ನಕಲಿನಲ್ಲಿ ಹಾಡುಗಳ ಕೋಣೆಗಳ ಸಂಗಡ ಈ ಎರಡು ಕಡತಗಳೂ ಸೇರಿದುವೇ ಎಂದು ನೋಡಿಕೊಂಡೇ ಪೆಟ್ಟಿಗೆಯ ತಂತಿಯನ್ನು ಬಿಚ್ಚತಕ್ಕದ್ದು.